ಬಳಸಿದ ಲೆನ್ಸ್ ಕೊಳ್ಳಬಹುದೇ?

ನಿಕಾನ್ ಡಿ5600 ಕ್ಯಾಮೆರಾಗೆ ಬಳಸಿದ ಲೆನ್ಸ್ ಕೊಳ್ಳುವುದು ಸರಿಯೇ ಎಂದು ಕೇಳಿದ್ದೀರಿ. ಖಂಡಿತ ಕೊಳ್ಳಿ. ಕ್ಯಾಮೆರಾ ಬೇಗ ಹಳತಾಗುತ್ತದೆ, ಒಳ್ಳೆಯ ಗಾಜು ದಶಕಗಟ್ಟಲೆ ಬಾಳುತ್ತದೆ. ಆದರೆ ಕೈಯಲ್ಲಿ ಹಿಡಿದು ನೋಡದೆ ಹಣ ಕೊಡಬೇಡಿ.

ನಮ್ಮ ಕರಾವಳಿ, ಮಲೆನಾಡಿನಲ್ಲಿ ಲೆನ್ಸ್‌ನ ದೊಡ್ಡ ಶತ್ರು ಬೂಷ್ಟು. ಮಳೆಗಾಲದ ತೇವದಲ್ಲಿ ಬ್ಯಾಗಿನೊಳಗೆ ಮುಚ್ಚಿಟ್ಟ ಲೆನ್ಸ್‌ನಲ್ಲಿ ಜೇಡರ ಬಲೆಯಂತಹ ಎಳೆಗಳು ಹಬ್ಬಿ, ಕ್ರಮೇಣ ಗಾಜಿನ ಲೇಪನವನ್ನೇ ಕೆಡಿಸುತ್ತವೆ. ಲೆನ್ಸ್ ಹಿಂಭಾಗದ ಪುಟ್ಟ ಲಿವರ್ ಸರಿಸಿ ಅಪರ್ಚರ್ (ಬೆಳಕು ಹಾಯುವ ರಂಧ್ರ) ತೆರೆಯಿರಿ, ಮೊಬೈಲ್ ಟಾರ್ಚ್ ಹಾಯಿಸಿ ಓರೆಯಾಗಿ ನೋಡಿ. ಎಳೆ ಕಂಡರೆ ಎಷ್ಟೇ ಅಗ್ಗವಾದರೂ ಬೇಡವೇ ಬೇಡ. ಅಪರ್ಚರ್ ಹಿಗ್ಗಿಸಿ ಕುಗ್ಗಿಸುವ ತೆಳು ಎಲೆಗಳ ಮೇಲೆ ಎಣ್ಣೆ ಮಿನುಗಿದರೂ ಹಿಂದಿರುಗಿಸಿ. ಒಳಗಿನ ನಾಲ್ಕು ಧೂಳಿನ ಕಣಕ್ಕೆ, ಮುಂದಿನ ಗಾಜಿನ ಸಣ್ಣ ಗೀರಿಗೆ ಮಾತ್ರ ಹೆದರಬೇಡಿ. ಚಿತ್ರದಲ್ಲಿ ಅವು ಕಾಣುವುದೇ ಅಪರೂಪ.

ನಿಮಗೆ ಇನ್ನೊಂದು ತೊಡಕಿದೆ. ಡಿ5600 ಒಳಗೆ ಫೋಕಸ್ ತಾನಾಗಿ ಹೊಂದಿಸುವ ಮೋಟಾರ್ ಇಲ್ಲ, ಅದು ಲೆನ್ಸ್‌ನಲ್ಲೇ ಇರಬೇಕು. ಅಗ್ಗಕ್ಕೆ ಸಿಗುವ ಹಳೆಯ 50 ಎಂಎಂ ಎಫ್ 1.8 ‘ಡಿ’ ಲೆನ್ಸ್ ಅದಕ್ಕೆ ಕೂರುತ್ತದೆ, ಆದರೆ ಅದರಲ್ಲೂ ಮೋಟಾರ್ ಇಲ್ಲ, ಫೋಕಸ್ ಮಾತ್ರ ಕೈಯಿಂದಲೇ ಮಾಡಬೇಕು. ಓಡಾಡುವ ಮಕ್ಕಳ ಚಿತ್ರ ತೆಗೆಯುವುದಿದ್ದರೆ ಇದು ನಿಜಕ್ಕೂ ಕಷ್ಟ. ಸ್ವಲ್ಪ ಹೆಚ್ಚು ಕೊಟ್ಟು ‘ಎಎಫ್-ಎಸ್’ (ಒಳಗೇ ಮೋಟಾರ್ ಇರುವ ಲೆನ್ಸ್) ಎಂದು ಬರೆದಿರುವ ‘ಜಿ’ ಮಾದರಿಯನ್ನೇ ಹುಡುಕಿ.