ಓದುಗರ ಪ್ರಶ್ನೆ: ಸ್ಟುಡಿಯೋದ ಹಳೆಯ ನೆಗೆಟಿವ್‌ಗಳು

ಪ್ರಶ್ನೆ: ಮುಚ್ಚಿದ ಸ್ಟುಡಿಯೋ ಒಂದರ ನೆಗೆಟಿವ್‌ಗಳು ನಮ್ಮ ಪಾಲಿಗೆ ಬಂದಿವೆ. ರೈಲ್ವೆ ವರ್ಕ್‌ಶಾಪು, ಹತ್ತಿ ಗಿರಣಿ, ಗೋಕುಲ ರಸ್ತೆಯ ಕಾರ್ಖಾನೆಗಳಿಗೆ ತೆಗೆದುಕೊಟ್ಟ ಚಿತ್ರಗಳು. ತಗಡಿನ ಡಬ್ಬಿ ತೆರೆದರೆ ವಿನೆಗರ್ ವಾಸನೆ. ವಿಷಯವಾರು ವಿಂಗಡಿಸಿ ಸ್ಕ್ಯಾನ್ ಮಾಡಿಸಲೇ? (ಓದುಗರು, ಹುಬ್ಬಳ್ಳಿ)

ಉತ್ತರ: ವಿಂಗಡಿಸಬೇಡಿ. ಮೊದಲು ಸ್ಟುಡಿಯೋದ ಆರ್ಡರ್ ಬುಕ್ಕು ಹುಡುಕಿ. ಲಕೋಟೆಯ ಮೇಲೋ ಫಿಲ್ಮಿನ ಅಂಚಿಗೋ ಶಾಯಿಯಲ್ಲಿ ಬರೆದ ನಂಬರಿಗೆ ತಾರೀಖು, ಗಿರಾಕಿಯ ಹೆಸರು ಸಿಗುವುದು ಅದರಲ್ಲೇ. ‘ಯಂತ್ರಗಳು’, ‘ಉದ್ಘಾಟನೆಗಳು’ ಎಂದು ಗುಡ್ಡೆ ಹಾಕಿದರೆ ಆ ನಂಟು ಕಡಿಯುತ್ತದೆ. ಲೇತ್ ಮುಂದೆ ನಿಂತ ಫಿಟರ್ ಯಾವ ಕಾರ್ಖಾನೆಯವನೆಂದು ಆಮೇಲೆ ಯಾರೂ ಹೇಳಲಾರರು. ಡಬ್ಬಿಗೊಂದು ನಂಬರು ಕೊಟ್ಟು, ಒಳಗಿನ ಕ್ರಮ ಹಾಗೇ ಉಳಿಸಿ, ಹಳೆಯ ಲಕೋಟೆಗಳನ್ನು ಎಸೆಯದಿರಿ. ವಿಷಯವಾರು ಪಟ್ಟಿ ಕಂಪ್ಯೂಟರಿನಲ್ಲಿದ್ದರೆ ಸಾಕು.

ವಾಸನೆ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಫಿಲ್ಮಿನದು. ಅದು ಕೆಡುತ್ತಾ ಅಸಿಟಿಕ್ ಆಮ್ಲ ಬಿಡುತ್ತದೆ, ಆ ಆಮ್ಲವೇ ಕೆಡುವುದನ್ನು ಇನ್ನಷ್ಟು ಚುರುಕು ಮಾಡುತ್ತದೆ; ಬಿಗಿ ಡಬ್ಬಿಯಲ್ಲಿ ಅದಕ್ಕೆ ಹೊರದಾರಿ ಇಲ್ಲ. 21 ಡಿಗ್ರಿ ಸೆಲ್ಸಿಯಸ್, ಶೇ. 50 ತೇವಾಂಶದಲ್ಲಿಟ್ಟ ಹೊಸ ಫಿಲ್ಮಿಗೇ ಇದು ಸುಮಾರು 40 ವರ್ಷದಲ್ಲಿ ಶುರುವಾಗುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ ಕಾದ ಮಾಳಿಗೆಯಲ್ಲಿ ಎಷ್ಟು ಬೇಗ ಎಂದು ಹೇಳಬೇಕಿಲ್ಲ. ವಾಸನೆ ಬಂದವನ್ನು ಬೇರೆ ಕೋಣೆಗೆ ಸಾಗಿಸಿ, ಆಮ್ಲರಹಿತ ಕಾಗದದ ಲಕೋಟೆಗೆ ಹಾಕಿ. ಪಿವಿಸಿ ಕವರು ಬೇಡ. ಕೆಟ್ಟದ್ದು ಸರಿಹೋಗದು, ತಂಪಿನಲ್ಲಿಟ್ಟರೆ ನಿಧಾನವಾಗುತ್ತದಷ್ಟೆ. ಹಾಗಾಗಿ ಸುರುಳಿಯಾಗತೊಡಗಿದವನ್ನು ಮೊದಲು ಸ್ಕ್ಯಾನ್ ಮಾಡಿಸಿ. 6×6 ಸೆಂ.ಮೀ. ನೆಗೆಟಿವ್‌ಗೆ 2400 ಪಿಪಿಐ (ಇಂಚಿಗೆ ಇಷ್ಟು ಚುಕ್ಕಿ), 16 ಬಿಟ್ ಟಿಫ್ ಫೈಲು ಇರಲಿ; ಕಪ್ಪು-ಬಿಳುಪಿನ ಫೈಲು ಸುಮಾರು 56 ಎಂಬಿ ಆಗುತ್ತದೆ. ಅಂಚಿನ ನಂಬರೂ ಚೌಕಟ್ಟಿನೊಳಗೆ ಬರಲಿ.

ಬೂಷ್ಟು ಹಿಡಿದಿದ್ದರೆ ನೀರು ಸೋಕಿಸಬೇಡಿ: ಚಿತ್ರ ಹಿಡಿದಿಟ್ಟ ಜೆಲಟಿನ್ ಪದರವನ್ನು ಬೂಷ್ಟು ತಿಂದಿದ್ದರೆ ಅದು ಕರಗಿ ಚಿತ್ರವೇ ತೊಳೆದುಹೋಗುತ್ತದೆ. ಒಣಗಲು ಬಿಟ್ಟು ಮೆತ್ತನೆಯ ಬ್ರಷ್ ಆಡಿಸಿ. ಅಂಚಿನಲ್ಲಿ ‘ಸೇಫ್ಟಿ’ ಎಂಬ ಅಕ್ಷರವಿಲ್ಲದೆ ಹಳದಿಗಟ್ಟಿ ಜಿಗುಟಾದ ಫಿಲ್ಮು ನೈಟ್ರೇಟ್ ಎಂಬ ಹಳೆಯ ಬಗೆಯದು ಇರಬಹುದು. ಅದು ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಮನೆಯಲ್ಲಿಡದೆ ತಜ್ಞರಿಗೆ ತೋರಿಸಿ. ಕಡ್ಡಿ ಗೀರಿ ಪರೀಕ್ಷಿಸುವ ಸಾಹಸ ಬೇಡವೇ ಬೇಡ.

ಪ್ರಶ್ನೆ: ತಾರೀಖಿಲ್ಲದ ಚಿತ್ರದ ಕಾಲ ತಿಳಿಯುವುದು ಹೇಗೆ? (ಓದುಗರು, ಗದಗ)

ಉತ್ತರ: ಚಿತ್ರದಲ್ಲಿ ರೈಲಿದ್ದರೆ ಬೋಗಿಯ ಮೇಲೆ ಬರೆದ ರೈಲ್ವೆಯ ಹೆಸರು ನೋಡಿ. ದಕ್ಷಿಣ ರೈಲ್ವೆ ಆದದ್ದು 1951ರಲ್ಲಿ. ಹುಬ್ಬಳ್ಳಿ ವಿಭಾಗ ದಕ್ಷಿಣ ಮಧ್ಯ ರೈಲ್ವೆಗೆ ಸೇರಿದ್ದು 1966ರಲ್ಲಿ. ನೈಋತ್ಯ ರೈಲ್ವೆ ಬಂದದ್ದು 2003ರಲ್ಲಿ. ಅಂಗಡಿಯ ಬೋರ್ಡಿನಲ್ಲಿ ನಯಾಪೈಸೆ ಇದ್ದರೆ 1957ರ ಏಪ್ರಿಲ್ ನಂತರದ್ದು. ‘ಕರ್ನಾಟಕ ಸರ್ಕಾರ’ ಎಂದಿದ್ದರೆ 1973ರ ನವೆಂಬರಿಗಿಂತ ಹಿಂದಿನದಲ್ಲ. ಹೊಸ ಹೆಸರು ‘ಇದಕ್ಕಿಂತ ಮೊದಲಲ್ಲ’ ಎಂದಷ್ಟೇ ಹೇಳುತ್ತದೆ. ಹಳೆಯ ಹೆಸರನ್ನು ನಂಬಬೇಡಿ, ಬಣ್ಣ ಬದಲಿಸಲು ವರ್ಷಗಟ್ಟಲೆ ಹಿಡಿಯುತ್ತಿತ್ತು.

ಪ್ರಶ್ನೆ: ಇವನ್ನು ಪ್ರಕಟಿಸಲು ಯಾರ ಒಪ್ಪಿಗೆ ಬೇಕು? (ಓದುಗರು, ಹಾವೇರಿ)

ಉತ್ತರ: ನೆಗೆಟಿವ್ ಕೈಯಲ್ಲಿದ್ದ ಮಾತ್ರಕ್ಕೆ ಹಕ್ಕು ಬಾರದು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ, ಬೇರೆ ಕರಾರು ಇಲ್ಲದಿದ್ದರೆ, ದುಡ್ಡು ಕೊಟ್ಟು ಫೋಟೋ ತೆಗೆಸಿದವರೇ ಮೊದಲ ಹಕ್ಕುದಾರರು. ತೆಗೆಸಿದವರು ಯಾರೆಂದು ತಿಳಿಯಲು ಮತ್ತೆ ಆರ್ಡರ್ ಬುಕ್ಕೇ ಬೇಕು. ಗಿರಣಿಗೆ ಬೀಗ ಬಿದ್ದಿದೆಯೆಂದು ಹಕ್ಕು ಮುಗಿಯಿತೆನ್ನಲಾಗದು. ಅದು ಕಂಪನಿ ಕೊಂಡವರ ಕೈಯಲ್ಲೋ ಮುಚ್ಚಿದ ಕಂಪನಿಯ ಆಸ್ತಿ ವಿಲೇವಾರಿ ಮಾಡುವ ಲಿಕ್ವಿಡೇಟರ್ ಬಳಿಯೋ ಇರಬಹುದು.