ಪಕ್ಕದ ಮನೆಯ ಮೆನ್ನೊನೈಟ್ ಅಜ್ಜಿ

ಪ್ರಶ್ನೆ: ಮಗಳು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಲ್ಯಾಂಕಾಸ್ಟರ್ ಹತ್ತಿರದ ಹಳ್ಳಿಯಲ್ಲಿದ್ದಾಳೆ. ಪಕ್ಕದ ಮನೆಯ ಮೆನ್ನೊನೈಟ್ ಅಜ್ಜಿ ನಿನ್ನೆ ತೀರಿಕೊಂಡರಂತೆ. ಫೋನಿನಲ್ಲಿ ಒಂದೇ ಸಮ ಅತ್ತಳು. ಇವರು ಯಾರು? ಅವಳು ಆ ಮನೆಗೆ ಹೋಗಬಹುದಾ?
– ಓದುಗರೊಬ್ಬರು, ಶಿರಸಿ

ಉತ್ತರ: ಹೋಗಲಿ ಅಕ್ಕಾ, ತಡ ಮಾಡುವುದು ಬೇಡ.

ಇವರು ಕ್ರೈಸ್ತರಲ್ಲೇ ಒಂದು ಪಂಗಡ. ದೀಕ್ಷಾಸ್ನಾನ ಎಳೆಗೂಸಿಗಲ್ಲ, ತಿಳಿದು ಒಪ್ಪಿದ ದೊಡ್ಡವರಿಗೆ ಎಂದು 1525ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಚ್‌ನಲ್ಲಿ ಕೆಲವರು ಹೊರಟರು. 1536ರಲ್ಲಿ ಪಾದ್ರಿ ಕೆಲಸ ಬಿಟ್ಟು ಬಂದ ಮೆನ್ನೊ ಸೈಮನ್ಸ್ ಅವರಿಂದ ಈ ಹೆಸರು. ಆಗಿನ ಆಳುವವರು ಈ ಪಂಗಡದ ಎಷ್ಟೋ ಜನರನ್ನು ನೀರಿಗೆ ಮುಳುಗಿಸಿ, ಬೆಂಕಿಗೆ ಹಾಕಿ ಕೊಂದರು. ಆದರೂ ಆಯುಧ ಹಿಡಿಯಬಾರದು ಎಂಬ ನಂಬಿಕೆ ಉಳಿದು ಬಂತು. ನನಗೆ ಇವರಲ್ಲಿ ಜಾಸ್ತಿ ಗೌರವ ಅದಕ್ಕೇ.

ಎಲ್ಲರೂ ಕುದುರೆಗಾಡಿಯವರಲ್ಲ, ಕಾರು ಓಡಿಸುವವರೇ ಹೆಚ್ಚು. ಹಳೇ ಕಟ್ಟಳೆಯ ಮನೆಗಳಲ್ಲಿ ಮಾತ್ರ ಹೆಂಗಸರು ತಲೆಗೆ ಬಟ್ಟೆಯ ಟೋಪಿ ಹಾಕಿ, ಸಾದಾ ಉಡುಪು ಉಟ್ಟು, ಹಿತ್ತಿಲಲ್ಲಿ ತರಕಾರಿ ಬೆಳೆದು, ಚಳಿಗಾಲಕ್ಕೆ ಬಾಟಲಿಗಳಲ್ಲಿ ಹಣ್ಣು ತುಂಬಿಟ್ಟು, ಬಿಡುವಿನಲ್ಲಿ ನಾಲ್ಕಾರು ಜನ ಸೇರಿ ಕ್ವಿಲ್ಟ್ ಹೊಲಿಯುತ್ತಾರೆ. ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರ ಕೌದಿ ನೋಡಿದ್ದೀರಲ್ವಾ, ಅದೇ ಥರ.

ಅಂಥ ಮನೆಯಲ್ಲಿ ಸಾವಾದರೆ ನೆರೆಯವರೇ ಅಡುಗೆ ತರುತ್ತಾರೆ, ದನದ ಹಾಲು ಕರೆಯುತ್ತಾರೆ. ಸಾದಾ ಮರದ ಪೆಟ್ಟಿಗೆ. ವಾದ್ಯವಿಲ್ಲದೆ, ಬರೀ ಕಂಠದಲ್ಲಿ ಹಾಡು. ಆಡಂಬರ ಇರುವುದಿಲ್ಲ.

ಮಗಳು ಸಾದಾ ಬಟ್ಟೆ ಉಟ್ಟು, ಒಂದು ಪಾತ್ರೆ ಅನ್ನ-ಸಾರಾದರೂ ಹಿಡಿದು ಹೋಗಲಿ. ಸುಮ್ನೆ ಪಕ್ಕದಲ್ಲಿ ಕೂತರೂ ಸಾಕು. ಫೋಟೋ ಮಾತ್ರ ತೆಗೆಯಬಾರದು.