ರಾತ್ರಿ ಎರಡು ಗಂಟೆಗೆ ಎದ್ದು ಸರ್ವರ್ ನೋಡುವವರು

ಹೆಸರು, ಗುರುತು ಬದಲಿಸಿದ್ದೇನೆ. ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ವಿನಾಯಕ ಎಂದಿಟ್ಟುಕೊಳ್ಳೋಣ. ಬೆಳಗಾವಿಯ ಟಿಳಕವಾಡಿಯಲ್ಲಿ ಮನೆ. ಬೆಂಗಳೂರಿನ ಕಂಪನಿಯೊಂದರ ಸರ್ವರ್‌ಗಳನ್ನು ಮನೆಯಿಂದಲೇ ನೋಡಿಕೊಳ್ಳುತ್ತಾರೆ. 2024ರ ಫೆಬ್ರವರಿ ಕೊನೆಗೆ ಅವರ ಅವ್ವ ಅವರನ್ನು ಆಪ್ತಸಮಾಲೋಚನೆಗೆಂದು ನನ್ನ ಬಳಿ ಕರೆದುಕೊಂಡು ಬಂದರು. "ಉಣ್ಣೂ ಮುಂದೂ ಫೋನ್ ನೋಡ್ತಾನ್ರಿ ಮೇಡಂ. ರಾತ್ರಿ ಮಲಗಂಗೇ ಇಲ್ಲ."

ಜನವರಿ 31ರಂದು ರನ್‌ಸಿ ಎಂಬ ಸಾಫ್ಟ್‌ವೇರ್‌ನ ದೋಷವೊಂದು ಬಯಲಾಗಿತ್ತು. ಒಂದೇ ಸರ್ವರ್‌ನಲ್ಲಿ ಪ್ರೋಗ್ರಾಂಗಳನ್ನು ಬೇರೆ ಬೇರೆಯಾಗಿಟ್ಟು ಓಡಿಸುವ ಆವರಣಕ್ಕೆ ಕಂಟೇನರ್ ಎನ್ನುತ್ತಾರೆ. ಕಂಟೇನರ್ ನಿರ್ವಹಿಸುವ ಡಾಕರ್, ಕುಬರ್ನೆಟಿಸ್ ಬಳಸುವ ಬಹಳ ಕಡೆ ಒಳಗೆ ಅವನ್ನು ಶುರು ಮಾಡುವುದು ಇದೇ ರನ್‌ಸಿ. ಕಂಟೇನರ್‌ಗಳು ವಠಾರದ ಮನೆಗಳ ಹಾಗೆ: ಬಾಗಿಲು ಬೇರೆ ಬೇರೆ, ಅಡಿಪಾಯ ಒಂದೇ. ಆ ಅಡಿಪಾಯ ಲಿನಕ್ಸ್ ಕರ್ನಲ್, ಅಂದರೆ ಸರ್ವರ್‌ನ ಆಪರೇಟಿಂಗ್ ಸಿಸ್ಟಂನ ತಿರುಳು. ರನ್‌ಸಿ ಒಂದು ಫೈಲ್ ಡಿಸ್ಕ್ರಿಪ್ಟರನ್ನು, ಅಂದರೆ ತೆರೆದ ಫೈಲ್ ಅಥವಾ ಫೋಲ್ಡರ್‌ನ ಹಿಡಿಕೆಯೊಂದನ್ನು, ಮುಚ್ಚದೆ ಬಿಟ್ಟಿತ್ತು. ಕೆಟ್ಟ ಉದ್ದೇಶದ ಇಮೇಜ್ (ಕಂಟೇನರ್ ತಯಾರಾಗುವ ಅಚ್ಚು) ಓಡಿಸಿದರೆ ಆ ಹಿಡಿಕೆಯ ಮೂಲಕ ಕಂಟೇನರ್ ದಾಟಿ ಸರ್ವರ್‌ನ ಫೈಲ್‌ಗಳನ್ನೇ ಮುಟ್ಟಬಹುದಿತ್ತು. 2019ರ ಫೆಬ್ರವರಿಯಲ್ಲೂ ಇದೇ ರನ್‌ಸಿಯಲ್ಲಿ ಇಂಥದ್ದೇ ದೊಡ್ಡ ದೋಷ ಸಿಕ್ಕಿತ್ತು. ಇದನ್ನೆಲ್ಲ ನನಗೆ ಬಿಡಿಸಿ ಹೇಳಿದ್ದು ವಿನಾಯಕರೇ. ಹೇಳುವಾಗ ಅವರ ದನಿ ಸ್ಥಿರವಾಗಿತ್ತು. ಕೆಲಸ ಗೊತ್ತಿಲ್ಲದ ಭಯ ಇದಲ್ಲ ಎಂದು ನನಗೆ ಆಗಲೇ ಅನಿಸಿತು.

ಸುದ್ದಿ ಬಂದ ಕೂಡಲೇ ಎಲ್ಲ ಸರ್ವರ್‌ಗಳ ರನ್‌ಸಿಯನ್ನೂ ದೋಷ ಸರಿಪಡಿಸಿದ 1.1.12 ಆವೃತ್ತಿಗೆ ಏರಿಸಿದ್ದರು. ಆದರೂ ದಿನಾ ರಾತ್ರಿ ಎರಡಕ್ಕೆ ಎದ್ದು ಆವೃತ್ತಿ ಸಂಖ್ಯೆ ನೋಡುತ್ತಿದ್ದರು. ನೋಡಿದಾಗ ಸ್ವಲ್ಪ ಹೊತ್ತು ಸಮಾಧಾನ, ಆಮೇಲೆ ಮತ್ತೆ ಎದೆಬಡಿತ. "ನಾ ನೋಡ್ಲಿಲ್ಲಂದ್ರ ಯಾರ್ ನೋಡ್ತಾರ್ರಿ?" ಎಂದರು.

ನನ್ನ ಮಟ್ಟಿಗೆ ಇಡೀ ಪ್ರಕರಣ ಈ ಪ್ರಶ್ನೆಯಲ್ಲಿತ್ತು. ಅಪಾಯ ನಿಜವಾದದ್ದು. ಹಾಗಾಗಿ "ಸುಮ್ನೆ ಚಿಂತೆ ಮಾಡಬೇಡಿ" ಎಂದು ನಾನು ಹೇಳಲಿಲ್ಲ. ಅದು ಅವರ ಕೆಲಸಕ್ಕೆ ಮಾಡುವ ಅವಮಾನ. ಆದರೆ ಕಂಪನಿಯ ಕಾವಲನ್ನು ಒಬ್ಬರೇ ಹಗಲೂ ರಾತ್ರಿ ಹೊರುವುದು ಸರಿಯಲ್ಲ. "ನಿಮಗೆ ಜ್ವರ ಬಂದರೆ?" ಎಂದು ಕೇಳಿದೆ. ಉತ್ತರ ಇರಲಿಲ್ಲ.

ಅಲ್ಲೇ ಕುಳಿತು ಅವರ ಮ್ಯಾನೇಜರ್‌ಗೆ ಇಮೇಲ್ ಬರೆದೆವು. ರಾತ್ರಿ ಪಾಳಿ ಕನಿಷ್ಠ ಮೂವರ ನಡುವೆ ಹಂಚಬೇಕು. ತುರ್ತು ಅಪ್‌ಡೇಟ್‌ಗೆ ಸರ್ವರ್ ನಿಲ್ಲಿಸಲು ಯಾರ ಒಪ್ಪಿಗೆ ಬೇಕು ಎಂಬುದು ಮೊದಲೇ ಬರಹದಲ್ಲಿರಬೇಕು. ಹೊರಗಿನವರ ಇಮೇಜ್ ಓಡುವ ಸರ್ವರ್ ಯಾವುವು ಎಂಬ ಪಟ್ಟಿ ಬೇಕು. ಈ ಪಟ್ಟಿ ಅವರದೇ ಯೋಚನೆ. ಆ ಜನವರಿಯ ದೋಷಕ್ಕೆ ಸಿಕ್ಕ ಅಂಕ ಹತ್ತಕ್ಕೆ 8.6. ಅಂಕ ದೋಷದ ತೀವ್ರತೆ ಹೇಳುತ್ತದೆ, ನಮ್ಮ ಸರ್ವರ್ ಎಷ್ಟು ತೆರೆದುಕೊಂಡಿದೆ ಎಂದು ಹೇಳುವುದಿಲ್ಲ, ಅಲ್ವಾ? ಅದನ್ನು ಪಟ್ಟಿ ಹೇಳುತ್ತದೆ.

ರಾತ್ರಿಗೆ ಬೇರೆ ಸಲಹೆ. ಅಪ್‌ಡೇಟ್ ಮುಗಿದ ಹೊತ್ತನ್ನು ವಹಿಯಲ್ಲಿ ಬರೆಯಿರಿ. ಎಚ್ಚರವಾದರೆ ವಹಿ ಓದಿ, ಲ್ಯಾಪ್‌ಟಾಪ್ ಬೇಡ. ತಳಮಳವಾಗುತ್ತದೆ. ಅದನ್ನು ಓಡಿಸಲು ಹೋಗದೆ ಕುಳಿತಿರಿ, ಇಳಿಯುತ್ತದೆ. ಮೊದಲ ವಾರ ಕಷ್ಟವಾಯಿತು. ನಿದ್ದೆ ಸುಧಾರಿಸದಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ವೈದ್ಯರನ್ನು ಕಾಣಬೇಕೆಂದೂ, ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬೇಕೆಂದೂ ಹೇಳಿದ್ದೆ. ಅವ್ವನಿಗೆ ಹೇಳಿದ್ದು ಒಂದೇ: ಫೋನ್ ಕಸಿದುಕೊಳ್ಳಬೇಡಿ, ಅವರ ಜೊತೆ ಕುಳಿತು ಉಣ್ಣಿ.

ಪಾಳಿ ಹಂಚಲು ಕಂಪನಿ ತಿಂಗಳುಗಟ್ಟಲೆ ಎಳೆಯಿತು. ವಿನಾಯಕ ಎರಡನೇ ಇಮೇಲನ್ನು ನನ್ನ ಸಹಾಯವಿಲ್ಲದೆ ಬರೆದರು.

2025ರ ನವೆಂಬರ್‌ನಲ್ಲಿ ರನ್‌ಸಿಯ ಇನ್ನೂ ಮೂರು ದೋಷಗಳು ಹೊರಬಂದವು. ಆ ವಾರ ಪಾಳಿ ಬೇರೆಯವರದ್ದು. "ಎಚ್ಚರ ಆತ್ರಿ, ಆದ್ರ ಏಳ್ಲಿಲ್ಲ" ಎಂದು ಫೋನಿನಲ್ಲಿ ಹೇಳಿದರು.